ಹಿರಿಯಣ್ಣನವರ ಏಳು ನಿಮಿಷ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸು ತಡವಾಗಿ ಹೊರಡುತ್ತದೆ ಎಂದು ಸಾಧಿಸಿ ಡಾಕ್ಟರೇಟ್ ಪಡೆದವರು ನಮ್ಮ ಜಿಲ್ಲೆಯಲ್ಲಿ ಒಬ್ಬರೇ. ಬಸ್ಸು ತಡ ಎನ್ನುವುದು ಅದಕ್ಕೂ ಮುಂಚೆ ಎಲ್ಲರಿಗೂ ಗೊತ್ತಿತ್ತಲ್ಲ ಎಂದು ನೀವು ಕೇಳಬಹುದು. ಹಾಲು ಉಕ್ಕುತ್ತದೆ ಎನ್ನುವುದೂ ಎಲ್ಲರಿಗೂ ಗೊತ್ತು. ಯಾವಾಗ, ಎಷ್ಟು, ಯಾವ ಕಡೆಗೆ ಎಂದು ಒಲೆಯ ಮುಂದೆ ಗಡಿಯಾರ ಹಿಡಿದು ಕೂತವರು ಎಷ್ಟು ಮಂದಿ? ಹಿರಿಯಣ್ಣನವರು ಕೂತರು. ಒಲೆಯ ಮುಂದಲ್ಲ, ಬಸ್ಸಿನಲ್ಲಿ.

ಅವರ ಮನೆ ಶಿವಮೊಗ್ಗದ ವಿನೋಬನಗರದಲ್ಲಿದೆ. ಹುಡುಕುವುದು ಕಷ್ಟವಲ್ಲ. ‘ಡಾ. ಹಿರಿಯಣ್ಣ, ನಿವೃತ್ತ ಗಣಿತ ಪ್ರಾಧ್ಯಾಪಕರು ಮತ್ತು ಗಣಕ ಸಂಶೋಧಕರು’ ಎಂಬ ಫಲಕ ಗೇಟಿಗಿಂತ ತುಸು ಅಗಲವಾಗಿದೆ. ಸ್ಕೂಟರನ್ನು ಒಳಗೆ ತರುವಾಗ ಕನ್ನಡಿ ‘ಸಂಶೋಧಕರು’ ಎಂಬಲ್ಲಿ ತಾಗುತ್ತದೆ. ಫಲಕವನ್ನು ಸಣ್ಣದು ಮಾಡಿಸಿ ಎಂದು ಅವರ ಹೆಂಡತಿ ವೀಣಾ ಹೇಳಿದ್ದುಂಟು. ಅವರು ಸ್ಕೂಟರಿನ ಕನ್ನಡಿ ತೆಗೆಸಿದರು.

ವೀಣಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಪರೀಕ್ಷೆಯ ಕೋಣೆಯಲ್ಲಿ ಕೊನೆಯ ಬೆಂಚಿನ ಹುಡುಗನ ತೋಳಿನೊಳಗೆ ಏನಿದೆ ಎಂದು ಬಾಗಿಲಲ್ಲೇ ನಿಂತು ಹೇಳಬಲ್ಲ ಕಣ್ಣು ಅವರದು. ಗಂಡನ ವಿಚಾರದಲ್ಲಿ ಆ ಕಣ್ಣನ್ನು ಅವರು ಮಿತವಾಗಿ ಬಳಸುತ್ತಾರೆ. ಸಂಸಾರ ನಡೆದದ್ದೇ ಹಾಗೆ.

ಹಿರಿಯಣ್ಣನವರಿಗೆ ಒಂದು ಸಿದ್ಧಾಂತವಿದೆ: ‘ಒಂದೇ ಓಟ.’ ಅವರ ಕಾಲದಲ್ಲಿ ಕಂಪ್ಯೂಟರನ್ನು ಒಂದು ಮಾತು ಕೇಳಿದರೆ ಉತ್ತರ ಬರಲು ಎರಡು ಮೂರು ದಿನ ಬೇಕಿತ್ತು. ಆದ್ದರಿಂದ ಕೇಳುವ ಮೊದಲೇ ಎಲ್ಲವನ್ನೂ ತಲೆಯಲ್ಲಿ ಓಡಿಸಿ, ತಪ್ಪನ್ನೆಲ್ಲ ಹೆಕ್ಕಿ ತೆಗೆದು, ಆಮೇಲೆ ಒಂದೇ ಸಲ ಕೇಳಬೇಕು. ಈ ನಿಯಮವನ್ನು ಅವರು ಬದುಕಿಗೆಲ್ಲ ಹರಡಿಬಿಟ್ಟರು. ಗಾಂಧಿ ಬಜಾರಿನಲ್ಲಿ ಅಂಗಿ ಕೊಳ್ಳುವಾಗ ಹಾಕಿ ನೋಡುವುದಿಲ್ಲ. ದೂರದಿಂದ ದಿಟ್ಟಿಸಿ, ಮನಸ್ಸಿನಲ್ಲೇ ತೊಟ್ಟು, ಕಟ್ಟಿಸಿಕೊಂಡು ಬರುತ್ತಾರೆ.

“ಅದಕ್ಕೇ ನಿಮ್ಮ ತೋಳು ಬೆರಳಿನ ತನಕ ಬಂದಿರೋದು,” ಎನ್ನುತ್ತಾರೆ ವೀಣಾ.

“ತೋಳು ಸರಿಯಾಗೇ ಇದೆ. ಕೈ ಸ್ವಲ್ಪ ಕಮ್ಮಿ ಬಿದ್ದಿದೆ.”

ಇಂಥ ಆತ್ಮವಿಶ್ವಾಸ ಒಂದು ದಿನದಲ್ಲಿ ಬರುವಂಥದಲ್ಲ. ಅದರ ಬೇರು ಎಂಬತ್ತರ ದಶಕದ ಆರಂಭದಲ್ಲಿದೆ. ಆಗ ಹಿರಿಯಣ್ಣ ಭದ್ರಾವತಿಯಲ್ಲಿ, ತಂದೆಗೆ ಕಾರ್ಖಾನೆ ಕೊಟ್ಟಿದ್ದ ಮನೆಯಲ್ಲಿ ಇದ್ದರು. ಪಾಠ ಮಾಡುತ್ತಿದ್ದುದು ಶಿವಮೊಗ್ಗದ ಕಾಲೇಜೊಂದರಲ್ಲಿ. ಸಂಶೋಧನೆ ಬೆಂಗಳೂರಿನ ಮಾರ್ಗದರ್ಶಕರ ಕೈಕೆಳಗೆ. ವಿಷಯ: ಖಾಸಗಿ ಬಸ್ಸುಗಳು ಒಂದನ್ನೊಂದು ತುಳಿಯದಂತೆ ವೇಳಾಪಟ್ಟಿ ಹಾಕುವುದು ಹೇಗೆ? ನಮ್ಮ ಕಡೆ ಬಸ್ಸಿನವರಿಗೆ ‘ಟೈಮಿಂಗ್’ ಎನ್ನುವುದು ಗಡಿಯಾರದ ವಿಷಯವಲ್ಲ, ಮಾನದ ವಿಷಯ. ಮುಂದಿನ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನವನು ಇಳಿದು ಬಂದು ಅವನ ವಂಶದ ಪೂರ್ವೋತ್ತರ ವಿಚಾರಿಸುತ್ತಾನೆ. ಈ ಜಗಳವನ್ನು ಕಂಪ್ಯೂಟರಿನ ಮುಂದಿಡುವುದು ಹಿರಿಯಣ್ಣನವರ ಹಂಬಲ.

ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ಅದಕ್ಕೆ ಪರದೆ ಇಲ್ಲ, ಕೀಲಿಮಣೆ ಇಲ್ಲ. ಹೇಳಬೇಕಾದ್ದನ್ನು ಗಟ್ಟಿ ಕಾಗದದ ಕಾರ್ಡುಗಳಲ್ಲಿ ತೂತು ಕೊರೆದು ಹೇಳಬೇಕು. ಒಂದು ಸಾಲಿಗೆ ಒಂದು ಕಾರ್ಡು. ಭದ್ರಾವತಿಯ ಕಾರ್ಖಾನೆಯಲ್ಲಿ ಸಂಬಳದ ಲೆಕ್ಕಕ್ಕೆಂದು ತೂತು ಕೊರೆಯುವ ಯಂತ್ರಗಳಿದ್ದವು. ಮಧ್ಯಾಹ್ನದ ಮೇಲೆ ಅವು ಖಾಲಿ. ಪರಿಚಯದ ಅಧಿಕಾರಿಯೊಬ್ಬರ ಕೃಪೆಯಿಂದ ಹಿರಿಯಣ್ಣ ಅಲ್ಲಿ ಕೂತು ಟಕಟಕ ಎಂದು ಕಾರ್ಡು ಕೊರೆಯುವರು. ಅವನ್ನು ತಗಡಿನ ಬಿಸ್ಕತ್ ಡಬ್ಬಿಗೆ ತುಂಬಿ, ಸಂಜೆಯ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತಂದು, ಬೆಂಗಳೂರಿನ ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಒಪ್ಪಿಸುವರು. ಎರಡು ಮೂರು ದಿನದ ನಂತರ ಅದೇ ಡ್ರೈವರ್ ಒಂದು ಸುರುಳಿ ಕಾಗದ ತಂದುಕೊಡುವನು. ಅದರಲ್ಲಿ ಫಲಿತಾಂಶ ಇದ್ದರೆ ಪುಣ್ಯ. ಎಷ್ಟೋ ಸಲ ‘ಇಂಥ ಕಾರ್ಡಿನಲ್ಲಿ ಅಲ್ಪವಿರಾಮ ಇಲ್ಲ’ ಎಂಬ ಒಂದು ಸಾಲು ಇರುತ್ತಿತ್ತು. ಬೆಂಗಳೂರಿನಿಂದ ಅಷ್ಟು ದೂರ ಬಂದು ಅಲ್ಪವಿರಾಮ ಕೇಳುವ ಯಂತ್ರದ ಮೇಲೆ ಅವರಿಗೆ ಅಪಾರ ಗೌರವ. ಪ್ರಾಂಶುಪಾಲರ ಮೇಲೆ ಅಷ್ಟಿರಲಿಲ್ಲ.

ಕಾರ್ಡಿನ ಕಷ್ಟವೆಂದರೆ ಅದರ ಕ್ರಮ. ಒಂದು ಹಿಂದೆ ಮುಂದೆ ಆದರೂ ಲೆಕ್ಕವೆಲ್ಲ ಹಾಳು. ಬೇರೆಯವರು ಪ್ರತಿ ಕಾರ್ಡಿನ ಮೂಲೆಯಲ್ಲಿ ಸಂಖ್ಯೆ ಕೊರೆಯುತ್ತಿದ್ದರು. ಹಿರಿಯಣ್ಣ ಕೊರೆಯಲಿಲ್ಲ. “ಬೀಳಿಸೋರಿಗೆ ನಂಬರ್ ಬೇಕು,” ಎಂದರು. ಹಾಗಂದ ವಾರದಲ್ಲೇ ಬಸ್ಸು ಹತ್ತುವಾಗ ಡಬ್ಬಿ ಜಾರಿತು. ಕಾರ್ಡುಗಳು ಡ್ರೈವರ್ ಸೀಟಿನಿಂದ ಹಿಂದಿನ ಚಕ್ರದ ತನಕ ಹರಡಿಕೊಂಡವು. ಇಡೀ ಬಸ್ಸು ಬಗ್ಗಿ ಹೆಕ್ಕಿತು. ಯಾರೋ ಮುದುಕಿ ಎರಡನ್ನು ಸೊಂಟದ ಚೀಲಕ್ಕೂ ಸೇರಿಸಿದಳು. ಸುಣ್ಣ ಇಟ್ಟುಕೊಳ್ಳಲು ಒಳ್ಳೆ ಗಟ್ಟಿ ಕಾಗದವಂತೆ. ಹಿಂದಿನ ಬಸ್ಸು ಹಾರನ್ ಒತ್ತಿ ಒತ್ತಿ ಸುಸ್ತಾಯಿತು. ಕಾರ್ಡು ಬಿದ್ದ ಬಸ್ಸಿನ ಕಂಡಕ್ಟರ್ ಸುಬ್ಬಪ್ಪ ಅವತ್ತು ತಿಂದ ಬೈಗುಳ ಮೂರು ಟ್ರಿಪ್ಪಿಗೆ ಸಾಕಾಗುವಷ್ಟಿತ್ತು.

ಅಂದಿನಿಂದ ಹಿರಿಯಣ್ಣ ಕಾರ್ಡಿನ ಕಟ್ಟಿನ ಮೇಲಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಓರೆಗೆರೆ ಎಳೆದಿಟ್ಟರು. ಯಾವುದಾದರೂ ಕಾರ್ಡು ಜಾಗ ತಪ್ಪಿದರೆ ಗೆರೆ ಮುರಿದು ಕಾಣುತ್ತದೆ. ಡಬ್ಬಿಯನ್ನು ತುಂಬಿದ ಕೊಡದಂತೆ ಎದೆಗೊತ್ತಿ, ಹೆಜ್ಜೆ ಅಳೆದು ನಡೆಯತೊಡಗಿದರು. ಸುಬ್ಬಪ್ಪ ಫುಟ್‌ಬೋರ್ಡಿನ ಮೇಲೆ ನಿಂತು ಕೂಗುವನು: “ನಿಧಾನ ಬನ್ನಿ ಮೇಷ್ಟ್ರೇ, ನಾವೆಲ್ಲಿ ಹೋಗ್ತೀವಿ!” ಈ ಸೌಜನ್ಯಕ್ಕಾಗಿ ಪ್ರಬಂಧದ ಮೊದಲ ಪುಟದಲ್ಲಿ ಸುಬ್ಬಪ್ಪನಿಗೆ ಕೃತಜ್ಞತೆ ಸಲ್ಲಿಸಲಾಗಿದೆ.

ಇನ್ನು ಸಂಶೋಧನೆ. ವೇಳಾಪಟ್ಟಿ ಹಾಕಲು ಬಸ್ಸುಗಳು ನಿಜವಾಗಿ ಎಷ್ಟಕ್ಕೆ ಹೊರಡುತ್ತವೆ ಎಂದು ಗೊತ್ತಿರಬೇಕಲ್ಲ? ಹಿರಿಯಣ್ಣ ಅದನ್ನು ಬೇರೆಯವರಿಗೆ ಬಿಡಲಿಲ್ಲ. ತಾವೇ ಪ್ರಯಾಣ ಮಾಡಿ, ಮಣಿಕಟ್ಟಿನ ಗಡಿಯಾರ ನೋಡಿ, ಬರೆದುಕೊಂಡರು. ಒಂದೇ ಬಸ್ಸಲ್ಲ, ದಿನಕ್ಕೊಂದು ಮಾಲೀಕರ ಬಸ್ಸು. ಹೀಗೆ ಬರೆಯುತ್ತ ಹೋದಾಗ ಅದ್ಭುತವೊಂದು ಕಂಡಿತು. ಭದ್ರಾವತಿಯಿಂದ ಹೊರಡುವ ಬಸ್ಸು ಏಳು ನಿಮಿಷ ತಡ. ಮಳೆಗಾಲವೋ ಬೇಸಗೆಯೋ, ಜನ ತುಂಬಿದೆಯೋ ಖಾಲಿಯೋ, ಮಾಲೀಕ ಯಾರೋ, ಏಳೆಂದರೆ ಏಳೇ. ಆದರೆ ಶಿವಮೊಗ್ಗದಿಂದ ಭದ್ರಾವತಿಗೆ ಹಿಂದಿರುಗುವ ಬಸ್ಸು? ಕರಾರುವಾಕ್ಕು.

ಒಂದೇ ರಸ್ತೆ, ಅವೇ ಬಸ್ಸುಗಳು, ಅವೇ ಡ್ರೈವರುಗಳು. ಈ ಕಡೆಗೆ ತಡ, ಆ ಕಡೆಗೆ ಇಲ್ಲ. ಇದಕ್ಕೆ ಹಿರಿಯಣ್ಣ ‘ದಿಕ್ಕಿನ ವಿಳಂಬ’ ಎಂದು ಹೆಸರಿಟ್ಟರು. ಕಾರಣ ವಿವರಿಸಲು ಎರಡು ಅಧ್ಯಾಯ ಹಿಡಿಯಿತು. ಕಾರ್ಖಾನೆಯ ಸೈರನ್, ಪಾಳಿ ಬಿಡುವ ಕಾರ್ಮಿಕರ ಮನೋಧರ್ಮ, ಭದ್ರಾ ಸೇತುವೆಯ ಅಗಲ, ಯಾವುದನ್ನೂ ಬಿಡಲಿಲ್ಲ. ಪರೀಕ್ಷಕರು ಬೆರಗಾದರು. ಇಷ್ಟು ಸ್ಥಿರವಾದ ಅಂಕಿಅಂಶ ಸಮಾಜದಲ್ಲಿ ಸಿಗುವುದು ಅಪರೂಪ, ಖಗೋಳದಲ್ಲಿ ಮಾತ್ರ ಸಿಗುತ್ತದೆ ಎಂದು ಒಬ್ಬರು ಬರೆದರು. ಡಾಕ್ಟರೇಟ್ ಬಂತು. ಫಲಕ ಬಂತು. ಮದುವೆ ಆಮೇಲೆ ಬಂತು.

ಅಲ್ಲಿಂದ ಇಲ್ಲಿಯವರೆಗೆ ಪ್ರಬಂಧ ಬೀರುವಿನಲ್ಲಿತ್ತು, ಬಸ್ಸುಗಳು ತಮ್ಮ ಪಾಡಿಗೆ ರಸ್ತೆಯಲ್ಲಿದ್ದವು. ಎರಡೂ ಒಂದನ್ನೊಂದು ವಿಚಾರಿಸಲಿಲ್ಲ. ಅದೊಂದು ಕೊರಗು ಹಿರಿಯಣ್ಣನವರಿಗೆ ಇತ್ತು. ಕೊರಗನ್ನು ಅವರು ಹೆಮ್ಮೆಯ ದನಿಯಲ್ಲೇ ಹೇಳುತ್ತಿದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈ ವರ್ಷ ಅವರ ಕಾಲ ಕೂಡಿಬಂತು. ನಗರದ ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ವಿಭಾಗದವರು ಭದ್ರಾವತಿ ಮಾರ್ಗದ ಖಾಸಗಿ ಬಸ್ಸುಗಳಿಗಾಗಿ ‘ಬಸ್ ಬಂತು’ ಎಂಬ ಆ್ಯಪ್ ಮಾಡುತ್ತಿದ್ದರು. ಯಾವ ಬಸ್ಸು ಎಷ್ಟಕ್ಕೆ ಹೊರಡುತ್ತದೆ ಎಂದು ಜನ ಫೋನಿನಲ್ಲೇ ನೋಡಬಹುದು. ಅಲ್ಲಿನ ಯುವ ಅಧ್ಯಾಪಕಿ ರಕ್ಷಾಗೆ ಹಳೆಯ ಪ್ರಬಂಧ ಕಣ್ಣಿಗೆ ಬಿತ್ತು. ಅದರ ಕೊನೆಯಲ್ಲಿದ್ದ ಪ್ರೋಗ್ರಾಮನ್ನು ಸಾಲು ಬಿಡದೆ ಟೈಪ್ ಮಾಡಿ ಲ್ಯಾಪ್‌ಟಾಪಿನಲ್ಲಿ ಓಡಿಸಿದಳು. ಓಡಿತು. ವಿಭಾಗದ ಮುಖ್ಯಸ್ಥ ದುಶ್ಯಂತ್ ಅವರಿಗೆ ಶಿಲಾಫಲಕಗಳೆಂದರೆ ಪ್ರಾಣ. ಕಾಲೇಜಿನ ನೀರಿನ ಟ್ಯಾಂಕಿಗೂ ಹಾಕಿಸಿದ್ದಾರೆ. ಶನಿವಾರ ಆ್ಯಪ್ ಬಿಡುಗಡೆ, ಹಿರಿಯಣ್ಣನವರಿಗೆ ಸನ್ಮಾನ, ಸಭಾಂಗಣದ ಗೋಡೆಗೆ ‘ಹಿರಿಯಣ್ಣ ದಿಕ್ಕಿನ ವಿಳಂಬ ಸಿದ್ಧಾಂತ’ ಎಂಬ ಕಪ್ಪು ಕಲ್ಲು, ಎಲ್ಲ ನಿಶ್ಚಯವಾಯಿತು.

ಆ ವಾರದ ಸೋಮವಾರ ರಕ್ಷಾ ಮನೆಗೆ ಬಂದಳು. ಗೇಟಿನ ಫಲಕಕ್ಕೆ ಹೆಲ್ಮೆಟ್ ತಾಗಿಸಿಕೊಂಡೇ ಒಳಗೆ ಬಂದು ಕೂತಳು.

“ನಿಮ್ಮ ಪ್ರೋಗ್ರಾಂ ಕಣ್ಣು ಮಿಟುಕಿಸೋದ್ರೊಳಗೆ ಓಡಿಬಿಡ್ತು ಸಾರ್,” ಎಂದಳು.

ಹಿರಿಯಣ್ಣನವರಿಗೆ ಅದು ಅಷ್ಟು ಹಿಡಿಸಲಿಲ್ಲ. ಮೂರು ದಿನ ಹಿಡಿಯುತ್ತಿದ್ದದ್ದು ಅಷ್ಟು ಬೇಗ ಮುಗಿದರೆ ಅದಕ್ಕೇನು ಮರ್ಯಾದೆ? “ಸರಿಯಾಗಿ ನೋಡ್ದ್ಯಾ? ಪೂರ್ತಿ ಓಡ್ತಾ?”

“ಪೂರ್ತಿ ಸಾರ್. ಲೆಕ್ಕ ಎಲ್ಲೂ ತಪ್ಪಿಲ್ಲ. ಆದ್ರೆ...” ವೀಣಾ ಕೊಟ್ಟ ಕಾಫಿಯನ್ನು ಅವಳು ಅಗತ್ಯಕ್ಕಿಂತ ಹೆಚ್ಚು ಹೊತ್ತು ಊದಿದಳು. “ಆ ಏಳು ನಿಮಿಷ ಸಿಕ್ತಿಲ್ಲ ಸಾರ್.”

“ಸಿಕ್ತಿಲ್ಲ ಅಂದ್ರೆ? ಕೊತ್ತಂಬರಿ ಕಟ್ಟೇನಮ್ಮಾ ಅದು?”

“ಎಲ್ಲ ಬಸ್ಸಿಗೂ ಜಿಪಿಎಸ್ ಹಾಕಿದ್ದಾರಲ್ಲ, ಆ ಮಾಹಿತಿ ತಗೊಂಡು ನೋಡಿದ್ವಿ. ಭದ್ರಾವತಿಯಿಂದ್ಲೂ ಬಸ್ ಟೈಮಿಗೆ ಸರಿಯಾಗಿ ಹೊರಡುತ್ತೆ. ಒಂದು ನಿಮಿಷ ಆಚೆ ಈಚೆ ಅಷ್ಟೇ.”

“ನಿಮ್ಮ ಯಂತ್ರ ಸರಿ ಇಲ್ಲ.”

“ನಾನೂ ಹಂಗೇ ಅಂದ್ಕೊಂಡೆ ಸಾರ್. ಮೂರು ಸಲ ನೋಡ್ದೆ.”

“ಮೂರು ಸಲ ಯಾಕೆ ನೋಡ್ಬೇಕಾಯ್ತು? ಒಂದೇ ಸಲ ಸರಿಯಾಗಿ ನೋಡ್ಬೇಕು.”

ರಕ್ಷಾ ಲೋಟ ಕೆಳಗಿಟ್ಟಳು. “ಸಾರ್, ಆ್ಯಪ್‌ನಲ್ಲಿ ನಿಮ್ಮ ಏಳು ನಿಮಿಷ ಸೇರಿಸಿದ್ರೆ ಜನ ಏಳು ನಿಮಿಷ ತಡವಾಗಿ ಸ್ಟ್ಯಾಂಡಿಗೆ ಬರ್ತಾರೆ. ಬಸ್ ಹೋಗ್ಬಿಟ್ಟಿರುತ್ತೆ. ಸೇರಿಸ್ದೇ ಇದ್ರೆ, ಗೋಡೆ ಮೇಲೆ ನಿಮ್ಮ ಸಿದ್ಧಾಂತ ಇರುತ್ತೆ, ಆ್ಯಪ್‌ನಲ್ಲಿ ಇರಲ್ಲ. ಏನು ಮಾಡ್ಲಿ ಹೇಳಿ.”

ಅವಳ ಪ್ರಶ್ನೆ ಸೌಮ್ಯವಾಗಿತ್ತು, ಅದರ ತೂಕ ಮಾತ್ರ ಕಪ್ಪು ಕಲ್ಲಿನಷ್ಟಿತ್ತು. ಬೀರುವಿನಿಂದ ರಸ್ತೆಗೆ ಇಳಿಯಲು ಸಿದ್ಧಾಂತಕ್ಕೆ ಸಿಕ್ಕಿದ್ದು ಇದೊಂದೇ ಬಸ್ಸು.

“ಶುಕ್ರವಾರದ ತನಕ ತಡಿ,” ಎಂದರು ಹಿರಿಯಣ್ಣ. “ನಿಂಗೆ ಏಳು ನಿಮಿಷ ಹಿಡ್ಕೊಂಡು ಬಂದು ಕೊಡ್ತೀನಿ.”

ಗುರುವಾರ ಮಧ್ಯಾಹ್ನ ಗಂಡ ಹೆಂಡತಿ ಭದ್ರಾವತಿಗೆ ಹೋದರು. ಹಿರಿಯಣ್ಣನವರ ತೊಡೆಯ ಮೇಲೆ ಹಳೆಯ ತಗಡಿನ ಡಬ್ಬಿ. ಒಳಗೆ ಆ ಕಾಲದ ಕಾರ್ಡುಗಳು, ಮೇಲೆ ಮಸುಕಾದ ಕೆಂಪು ಓರೆಗೆರೆ.

“ಇದ್ಯಾಕೆ ಹೊತ್ಕೊಂಡು ಬಂದ್ರಿ?” ಎಂದರು ವೀಣಾ.

“ಪ್ರಯೋಗ ಅಂದ್ರೆ ಆಗ ಹೆಂಗಿತ್ತೋ ಹಂಗೇ ಇರ್ಬೇಕು ಮಾರಾಯ್ತಿ. ನೀನು ಮಕ್ಕಳಿಗೆ ಇದನ್ನ ಕಲಿಸಿಲ್ವಾ?”

“ಕಲಿಸಿದೀನಿ,” ಎಂದರು ವೀಣಾ.

ಏರ್ಪಾಡು ಹೀಗಿತ್ತು: ವೀಣಾ ಮುಂಚೆಯೇ ಹೋಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಬೇಕು. ಹೊರಡಬೇಕಾದ ಸಮಯಕ್ಕೆ ಸರಿಯಾಗಿ ಸ್ಟಾಪ್‌ವಾಚ್ ಒತ್ತಬೇಕು. ಚಕ್ರ ಉರುಳಿದ ಕೂಡಲೇ ನಿಲ್ಲಿಸಬೇಕು. ಹಿರಿಯಣ್ಣ ಆಗಿನಂತೆಯೇ ಕಾರ್ಖಾನೆಯ ದಾರಿಯಿಂದ, ಮೂಲೆಯ ಹೋಟೆಲನ್ನು ಬಳಸಿ, ಡಬ್ಬಿ ಹಿಡಿದು, ಅದೇ ಹೊತ್ತಿಗೆ ಬರುವರು.

ವೀಣಾ ಸೀಟಿನಲ್ಲಿ ಕೂತು ನೋಡುತ್ತಿದ್ದರು. ಕಂಡಕ್ಟರ್ ಯುವರಾಜ್, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಮೂವತ್ತರ ಆಳು, “ಮೊಗ್ಗ, ಮೊಗ್ಗ, ಮೊಗ್ಗ” ಎಂದು ಕೂಗಿ ಮುಗಿಸಿ ಬಾಗಿಲಿಗೆ ಬಂದ. ಸಮಯವಾಯಿತು. ವೀಣಾ ಸ್ಟಾಪ್‌ವಾಚ್ ಒತ್ತಿದರು. ಯುವರಾಜ್ ಸೀಟಿ ಬಾಯಿಗಿಟ್ಟ. ಅಷ್ಟರಲ್ಲಿ ಹೋಟೆಲಿನ ಮೂಲೆಯಲ್ಲಿ ಒಂದು ಬಿಳಿ ಅಂಗಿ ಕಾಣಿಸಿಕೊಂಡಿತು. ತೋಳು ಬೆರಳಿನ ತನಕ.

“ತಡೀ ತಡೀ,” ಎಂದಳು ಹಿಂದಿನ ಸೀಟಿನ ಹೆಂಗಸು. “ಯಾರೋ ಯಜಮಾನ್ರು ಬರ್ತಿದಾರೆ.”

ಯುವರಾಜ್ ಸೀಟಿ ಕೆಳಗಿಳಿಸಿದ. “ಬನ್ನಿ ಯಜಮಾನ್ರೇ, ಬೇಗ!”

ಯಜಮಾನರು ಬೇಗ ಬರಲಿಲ್ಲ. ಪ್ರಯೋಗವನ್ನು ಕೆಡಿಸುವ ಮನುಷ್ಯ ಅವರಲ್ಲ. ಡಬ್ಬಿಯನ್ನು ಎದೆಗೊತ್ತಿ, ನೆಲ ನೋಡುತ್ತ, ಒಂದೊಂದೇ ಹೆಜ್ಜೆ ಇಡುತ್ತ ಬಂದರು.

“ಏನ್ರೀ ಅದು, ದೇವರ ಡಬ್ಬಿನಾ?” ಎಂದ ಡ್ರೈವರ್.

“ಮೊಟ್ಟೆ ಇರ್ಬೇಕು,” ಎಂದ ಯುವರಾಜ್.

“ಮೊಟ್ಟೆನ ಯಾರು ಇಷ್ಟು ಭಕ್ತಿಯಿಂದ ಹಿಡ್ಕೊತಾರೆ ಮಾರಾಯ?”

ಹಿಂದಿನ ಬಸ್ಸು ಹಾರನ್ ಹೊಡೆಯಿತು. ಟೈಂ ಕೀಪರ್ ಬಂದು ಬಸ್ಸಿನ ಬೆನ್ನಿಗೆ ಎರಡೇಟು ತಟ್ಟಿದ. “ಏಯ್ ಯುವರಾಜ, ಎತ್ತೋ ಗಾಡಿ! ನಿನ್ನ ಮಾವನ ಮನೆ ಅಂಗಳನಾ ಇದು?”

“ಕಣ್ಣು ಕಾಣಲ್ವೇನಪ್ಪಾ? ವಯಸ್ಸಾದೋರು ಬರ್ತಿದಾರೆ. ಬಿಟ್ಟು ಹೋದ್ರೆ ನಂಗೆ ರಾತ್ರಿ ಅನ್ನ ಸೇರುತ್ತಾ?”

ಅಂತೂ ಹಿರಿಯಣ್ಣ ಹತ್ತಿದರು. ಯುವರಾಜ್ ಸೀಟಿ ಊದಿದ, ಬಸ್ಸು ಹೊರಟಿತು. ವೀಣಾ ಸ್ಟಾಪ್‌ವಾಚ್ ನಿಲ್ಲಿಸಿದರು.

“ಎಷ್ಟು?” ಎಂದರು ಹಿರಿಯಣ್ಣ, ಇನ್ನೂ ಕೂರುವ ಮೊದಲೇ.

“ಏಳು.”

“ಹಾಂ!” ಅವರ ದನಿಗೆ ಕೊನೆಯ ಸೀಟಿನವನೂ ಎಚ್ಚರಗೊಂಡ. “ಸಿಗಲ್ವಂತೆ! ಜಿಪಿಎಸ್ ಅಂತೆ! ಕೇಳ್ರಪ್ಪಾ, ಈ ಬಸ್ಸು ಇಲ್ಲಿಂದ ಏಳು ನಿಮಿಷ ತಡವಾಗೇ ಹೊರಡುತ್ತೆ. ಆಗಲೂ ಏಳು, ಈಗಲೂ ಏಳು. ಇದು ನಾನು ಕಂಡುಹಿಡಿದ ನಿಯಮ.”

ಯುವರಾಜ್ ಇಯರ್‌ಫೋನ್ ತೆಗೆದ. “ಯಜಮಾನ್ರೇ, ನಿಮ್ಮ ನಿಯಮದಿಂದ ನಾನು ಇವತ್ತು ಮೊಗ್ಗದಲ್ಲಿ ಒದೆ ತಿನ್ನೋದೊಂದು ಬಾಕಿ ಇದೆ. ಟಿಕೆಟ್ ತಗೊಳ್ಳಿ.”

ಹಿರಿಯಣ್ಣ ಹೆಂಡತಿಯ ಪಕ್ಕ ಕೂತರು. ವೀಣಾ ಕಿಟಕಿಯ ಹೊರಗೆ ನೋಡುತ್ತಿದ್ದರು. ಪರೀಕ್ಷೆಯ ಕೋಣೆಯ ಆ ಕಣ್ಣು ಬಹಳ ವರ್ಷಗಳ ನಂತರ ಕೆಲಸಕ್ಕೆ ಹಾಜರಾಗಿತ್ತು.

“ಒಂದು ಮಾತು ಕೇಳ್ತೀನಿ,” ಎಂದರು. “ಆಗ ನೀವು ಬರೆದುಕೊಂಡ್ರಲ್ಲ, ಅಷ್ಟೂ ಬಸ್ಸಲ್ಲೂ ನೀವೇ ಹತ್ತಿದ್ರಾ?”

“ಮತ್ತೆ? ಹತ್ತದೆ ಬರೆಯೋಕಾಗುತ್ತಾ?”

“ಬರುವಾಗ ಕೈಯಲ್ಲಿ ಈ ಡಬ್ಬಿ. ವಾಪಸ್ ಹೋಗುವಾಗ?”

“ವಾಪಸ್ ಹೋಗುವಾಗ ಏನಿರುತ್ತೆ? ಬರೀ ಕೈ. ಓಡಿ ಹತ್ತುತಿದ್ದೆ.”

ಬಸ್ಸು ಸೇತುವೆಯ ಮೇಲೆ ಹತ್ತಿತು. ಹಿರಿಯಣ್ಣನವರು ಭದ್ರೆಯನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಆಮೇಲೆ ಬಹಳ ಹೊತ್ತು ಏನನ್ನೂ ನೋಡಲಿಲ್ಲ. ಫುಟ್‌ಬೋರ್ಡಿನ ಮೇಲೆ ನಿಂತ ಸುಬ್ಬಪ್ಪ ಕಾಣಿಸಿಕೊಂಡಿರಬೇಕು. ‘ನಿಧಾನ ಬನ್ನಿ ಮೇಷ್ಟ್ರೇ, ನಾವೆಲ್ಲಿ ಹೋಗ್ತೀವಿ.’ ಅವನ ಪಾಡು ಕೇಳಿದ ಕಂಡಕ್ಟರುಗಳೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು: ಮೇಷ್ಟ್ರ ಡಬ್ಬಿ ಬೀಳುವುದಕ್ಕಿಂತ ಮೇಷ್ಟ್ರಿಗೆ ಕಾಯುವುದು ಅಗ್ಗ. ಅದನ್ನು ಮೇಷ್ಟ್ರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಷ್ಟು ಓದಿದವರಿಗೆ ಗೊತ್ತಿಲ್ಲದೆ ಇರುತ್ತದೆಯೇ!

“ಸ್ಟಾಪ್!” ಎಂದು ಹಿರಿಯಣ್ಣ ಎದ್ದು ನಿಂತರು. “ಇಳಿಸಿ.”

“ಅಯ್ಯೋ ಸ್ವಾಮಿ!” ಯುವರಾಜನ ಕೂಗು ಕರುಳು ಹಿಂಡುವಂತಿತ್ತು. “ಊರೆಲ್ಲ ಕಾಯಿಸಿ ಹತ್ತಿ, ಈಗ ಇಳಿಯೋದಾ?”

“ಅರ್ಧ ಪ್ರಯೋಗ ಬಾಕಿ ಇದೆ.”

ಆಟೋ ಹಿಡಿದು ಹಿಂದಿರುಗಿದರು. ಈ ಸಲ ಹಿರಿಯಣ್ಣ ಸ್ಟ್ಯಾಂಡಿಗೆ ಹೋಗಲಿಲ್ಲ. ಮೂಲೆಯ ಹೋಟೆಲಿನ ಒಳಗೆ ಕೂತು, ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಅಂಚಿನಿಂದ ಇಣುಕಿದರು. ಮುಂದಿನ ಬಸ್ಸು ಟೈಮಿಗೆ ಸರಿಯಾಗಿ ಹೊರಟಿತು. ಅದರ ಮುಂದಿನದೂ ಹೊರಟಿತು. ಆಚೆಯದು ಅರ್ಧ ನಿಮಿಷ ಮುಂಚೆಯೇ ಹೊರಟಾಗ ಅವರಿಗೆ ತುಸು ಅವಮಾನವೇ ಆಯಿತು. ತಾವಿಲ್ಲದಿದ್ದರೆ ಇಷ್ಟೊಂದು ಉತ್ಸಾಹವೇ?

“ಇನ್ನೊಂದು ಕಾಫಿ ಹೇಳ್ಲಾ?” ಎಂದರು ವೀಣಾ.

“ಬೇಡ. ಸಾಬೀತಾಯ್ತು.”

ಸಪ್ಪಗಾಗುತ್ತಾರೆ ಎಂದು ವೀಣಾ ಅಂದುಕೊಂಡಿದ್ದರು. ಬಸ್ಸಿನಲ್ಲಿ ಮಜ್ಜಿಗೆ ಕುಡಿಸಬೇಕು, ಸಮಾಧಾನ ಹೇಳಬೇಕು ಎಂದೆಲ್ಲ ಯೋಚಿಸಿದ್ದರು. ಶಿವಮೊಗ್ಗ ಬರುವ ತನಕ ಹಿರಿಯಣ್ಣ ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಕೂತಿದ್ದರು. ಆ ಲಕ್ಷಣ ವೀಣಾಗೆ ಗೊತ್ತು. ತಲೆಯಲ್ಲಿ ಏನನ್ನೋ ಓಡಿಸುತ್ತಿದ್ದಾರೆ, ಇನ್ನು ಒಂದೇ ಸಲ ಹೊರಗೆ ಬರುತ್ತದೆ.

ಶನಿವಾರ ಬಂತು. ಸಭಾಂಗಣ ತುಂಬಿತ್ತು. ಸನ್ಮಾನಿತರ ಸ್ಕೂಟರ್ ಕಾಲೇಜಿನ ದ್ವಾರದಲ್ಲಿ ಕಾಣುವ ತನಕ ಪ್ರಾರ್ಥನೆ ಹಾಡುವ ಹುಡುಗಿಯರು ಬಾಯಿ ತೆರೆದುಕೊಂಡೇ ನಿಂತಿದ್ದರು. ದುಶ್ಯಂತ್ ಅವರು ಕಂಪ್ಯೂಟರಿನ ಉಗಮದಿಂದ ಆರಂಭಿಸಿ ತಮ್ಮ ಉಗಮದವರೆಗೆ ಸ್ವಾಗತ ಭಾಷಣ ಮಾಡಿದರು. ಪರದೆ ಸರಿದು ಕಪ್ಪು ಕಲ್ಲು ಕಂಡಿತು. ಚಪ್ಪಾಳೆ ಬಿತ್ತು. ರಕ್ಷಾ ಮಾತ್ರ ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಶುಕ್ರವಾರ ಹೇಳ್ತೀನಿ ಅಂದವರು ಫೋನ್ ಎತ್ತಿರಲಿಲ್ಲ.

ಹಿರಿಯಣ್ಣ ಡಬ್ಬಿಯೊಂದಿಗೆ ಮೈಕಿನ ಮುಂದೆ ನಿಂತರು.

“ಈ ಕಲ್ಲಿನ ಮೇಲೆ ಬರೆದಿರೋದ್ರಲ್ಲಿ ಲೆಕ್ಕ ಒಂದಿಷ್ಟೂ ತಪ್ಪಿಲ್ಲ. ಏಳು ನಿಮಿಷ ಇತ್ತು. ಮೊನ್ನೆ ಗುರುವಾರವೂ ಇತ್ತು. ನನ್ನ ಮನೆಯವ್ರೇ ಸಾಕ್ಷಿ. ಆದ್ರೆ ಕಾರಣ ಸೈರನ್ನೂ ಅಲ್ಲ, ಸೇತುವೆಯೂ ಅಲ್ಲ. ಕಾರಣ ನಾನು. ನಾನು ಈ ಡಬ್ಬಿ ಹಿಡ್ಕೊಂಡು ಬರ್ತಾ ಇದ್ದೆ, ಬಸ್ಸು ಕಾಯ್ತಾ ಇತ್ತು. ಬಸ್ಸನ್ನ ಅಳೀತಿದ್ದೀನಿ ಅಂತ ಹೋಟೆಲ್ ಮೂಲೆಯಿಂದ ಫುಟ್‌ಬೋರ್ಡಿನ ತನಕ ನನ್ನ ನಡಿಗೆನೇ ಅಳೆದೆ. ಅದೂ ಎಷ್ಟು ಕರಾರುವಾಕ್ಕಾಗಿ! ಬೇರೆ ಯಾರಾದ್ರೂ ಆಗಿದ್ರೆ ಒಂದು ದಿನ ಆರು, ಒಂದು ದಿನ ಒಂಬತ್ತು ಬಂದಿರೋದು.”

ಸಭೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಿರಿಯಣ್ಣನವರೇ ನಕ್ಕರು, ಆಗ ಎಲ್ಲರೂ ನಕ್ಕರು. ದುಶ್ಯಂತ್ ಅವರೊಬ್ಬರು ಕಲ್ಲನ್ನು ನೋಡುತ್ತಿದ್ದರು. ಕೆತ್ತಿದ್ದನ್ನು ಅಳಿಸುವ ವಿದ್ಯೆ ಇನ್ನೂ ಬಂದಿಲ್ಲ.

“ರಕ್ಷಾ, ಆ ಏಳು ನಿಮಿಷ ತೆಗೆದುಹಾಕಮ್ಮಾ,” ಎಂದರು ಹಿರಿಯಣ್ಣ. “ಅದರ ಬದಲು ಒಂದು ಗುಂಡಿ ಇಡು. ‘ಬರ್ತಿದ್ದೀನಿ’ ಅಂತ. ಒತ್ತಿದ್ರೆ ಕಂಡಕ್ಟರಿಗೆ ಗೊತ್ತಾಗ್ಬೇಕು. ನನ್ನ ಸಂಶೋಧನೆ ನಿಜವಾಗಿ ತೋರಿಸಿದ್ದು ಇಷ್ಟೇ ನೋಡು: ಒಬ್ಬ ಬರ್ತಿದ್ದಾನೆ ಅಂತ ಗೊತ್ತಾದ್ರೆ ನಮ್ಮೂರ ಬಸ್ಸು ಕಾಯುತ್ತೆ.”

ರಕ್ಷಾ ಉಗುರು ಕಚ್ಚುವುದನ್ನು ಬಿಟ್ಟಳು. ಮರುವಾರ ಗುಂಡಿ ಬಂತು.

ಆಮೇಲೆ ಆದದ್ದು ಇಷ್ಟು. ಭದ್ರಾವತಿಯ ಜನ ಹಂಡೆಗೆ ಬೆಂಕಿ ಹಾಕುವ ಹೊತ್ತಿಗೇ ‘ಬರ್ತಿದ್ದೀನಿ’ ಒತ್ತತೊಡಗಿದರು. ಶಿವಮೊಗ್ಗದವರು ಹಿಂದೆ ಬೀಳಲಿಲ್ಲ. ಗಾಂಧಿ ಬಜಾರಿನಲ್ಲಿ ಸೀರೆಯ ಮಡಿಕೆ ಬಿಚ್ಚಿಸುತ್ತಲೇ ಒತ್ತಿದರು. ಯುವರಾಜ್ ನಂಬರ್ ಹುಡುಕಿ ಹಿರಿಯಣ್ಣನವರಿಗೇ ಫೋನ್ ಮಾಡಿದ: “ಮೇಷ್ಟ್ರೇ, ಬಸ್ ತುಂಬ ಜನ ಬರ್ತಿದ್ದೀನಿ ಬರ್ತಿದ್ದೀನಿ ಅಂತಿದಾರೆ, ಸ್ಟ್ಯಾಂಡಲ್ಲಿ ನರಪಿಳ್ಳೆ ಇಲ್ಲ! ಎಷ್ಟೂಂತ ಕಾಯ್ಲಿ?”

ಮಾಲೀಕರು ರಕ್ಷಾಳ ಹತ್ತಿರ ಹೋದರು. ಗುಂಡಿಗೆ ಜನ ಒಗ್ಗಿಬಿಟ್ಟಿದ್ದಾರೆ, ತೆಗೆದರೆ ಗಲಾಟೆ, ಹೆಚ್ಚೆಂದರೆ ಇಷ್ಟೇ ನಿಮಿಷ ಕಾಯುವುದು ಎಂದು ಒಂದು ಮಿತಿ ಹಾಕಿಕೊಡಿ ಎಂದರು. ಎಲ್ಲ ಬಸ್ಸೂ ಒಂದೇ ಸಮ ತಡವಾದರೆ ಯಾರೂ ತಡವಲ್ಲ. ಟೈಮಿಂಗ್ ಜಗಳವೂ ಇಲ್ಲ. ಮಿತಿ ಎಷ್ಟಿರಬೇಕು ಎಂದು ರಕ್ಷಾ ಹಿರಿಯಣ್ಣನವರನ್ನು ಕೇಳಿದಳು. ಅವರು ಕೂಡಲೇ ಹೇಳಲಿಲ್ಲ. ಒಂದು ದಿನ ತಲೆಯಲ್ಲಿ ಓಡಿಸಬೇಕು ಎಂದರು. ಓಡಿಸಿದರು. ಉತ್ತರ ಏನು ಬಂದಿರಬಹುದೆಂದು ನಿಮಗೆ ಹೊಳೆದಿದೆ, ವೀಣಾಗೂ ಹೊಳೆದಿತ್ತು.

ಮೊನ್ನೆ ದಂಪತಿಗಳು ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಭದ್ರಾವತಿಯ ಬಸ್ಸು ಹತ್ತಿ ಮುಂಚೆಯೇ ಕೂತಿದ್ದರು. ಕೈಯಲ್ಲಿ ಡಬ್ಬಿ ಇಲ್ಲ. ಅದೀಗ ಕಪ್ಪು ಕಲ್ಲಿನ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿದೆ. ಹೊರಡುವ ಸಮಯವಾಯಿತು. ಬಸ್ಸು ಅಲುಗಲಿಲ್ಲ.

“ಯಾರಿಗಪ್ಪಾ ಕಾಯ್ತಿದ್ದೀಯ?” ಎಂದರು ವೀಣಾ.

“ಗೊತ್ತಿಲ್ಲ ಅಮ್ಮಾ,” ಎಂದ ಯುವರಾಜ್. “ಯಾರೋ ಬರ್ತಿದ್ದಾರಂತೆ.”

ಹಿರಿಯಣ್ಣನವರು ಬೆರಳಿನ ತನಕ ಬಂದ ತೋಳನ್ನು ಮೇಲೆ ಸರಿಸಿ, ಗಡಿಯಾರ ನೋಡುತ್ತ ಕೂತರು. ಚಕ್ರ ಉರುಳಿದಾಗ ಹೆಂಡತಿಯ ಕಡೆ ತಿರುಗಿದರು.

“ಈಗ ಈ ದಿಕ್ಕಿಗೂ ಬಂತು ನೋಡು,” ಎಂದರು. “ಪ್ರಬಂಧದಲ್ಲಿ ಅದೊಂದು ಕೊರತೆ ಇತ್ತು.”